ಎಡಪಕ್ಕೆಯ ಚುಕ್ಕೆ

ಹೋದ ತಿಂಗಳು ನಮ್ಮ ಕಾರ್ಖಾನೆಯ ಗೆಳೆಯನೊಬ್ಬನಿಗೆ ಕಿಡ್ನಿಯಲ್ಲಿ ಕಲ್ಲು ಎಂದು ಶಿವಮೊಗ್ಗದ ಸ್ಕ್ಯಾನ್ ಸೆಂಟರಿಗೆ ಕರೆದುಕೊಂಡು ಹೋಗಿದ್ದೆ. ಅವನಿಗೆ ನೀರು ಕುಡಿಸಿ ಕೂರಿಸಿದ್ದರು. ಹೊರಗೆ ಜಡಿಮಳೆ. ಬಾಗಿಲ ಬಳಿ ಒದ್ದೆ ಛತ್ರಿಗಳ ರಾಶಿ, ಒಳಗೆ ಫಿನಾಯಿಲಿನ ಜೊತೆ ಬೆರೆತ ಒದ್ದೆ ಬಟ್ಟೆಯ ವಾಸನೆ. ಆ ವಾಸನೆ ಮೂಗಿಗೆ ಬಡಿದ ಕೂಡಲೇ ನನ್ನ ಕಣ್ಣು ತಾನಾಗಿ ಮೂಲೆಯ ಕುರ್ಚಿಯ ಕಡೆಗೆ ಹೋಯಿತು. ಅಲ್ಲಿ ಯಾರೋ ಹೆಂಗಸು ಮೊಬೈಲ್ ನೋಡುತ್ತ ಕೂತಿದ್ದರು. ಮೂರು ವರ್ಷಗಳ ಹಿಂದಿನ ಮಳೆಗಾಲದಲ್ಲಿ ಅದೇ ಜಾಗದಲ್ಲಿ ನನ್ನ ಮಾವ, ಅಂದರೆ ನನ್ನ ಹೆಂಡತಿ ಲತಾಳ ತಂದೆ ಹಾಲೇಶಪ್ಪನವರು, ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಬಸ್ಸಿಗೆ ಕಾಯುವವರ ಹಾಗೆ ನೆಟ್ಟಗೆ ಕೂತಿದ್ದರು. ಆ ಒಂದು ಮಳೆಗಾಲದಲ್ಲಿ ನಾನು ಅವರೊಂದಿಗೆ ಕಳೆದಷ್ಟು ಹೊತ್ತನ್ನು ಅದಕ್ಕೂ ಮುಂಚಿನ ಎಲ್ಲ ವರ್ಷಗಳಲ್ಲಿ ಸೇರಿಸಿದರೂ ಕಳೆದಿರಲಿಲ್ಲ.

ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಶಿಫ್ಟ್ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಕ್ವಾರ್ಟರ್ಸ್ ಬಿಟ್ಟ ಮೇಲೆ ಅಲ್ಲೇ ಒಂದು ಮನೆ ಕಟ್ಟಿಸಿಕೊಂಡು ಅತ್ತೆ ಗಿರಿಜಮ್ಮನವರ ಜೊತೆ ಇದ್ದರು. ನಾವು ಶಿವಮೊಗ್ಗದಲ್ಲಿ. ಹಬ್ಬಕ್ಕೆ ಹೋಗುತ್ತಿದ್ದೆವು, ಬರುತ್ತಿದ್ದೆವು. ನಾನು ಬಂದ ಸದ್ದಾದರೆ ಮಾವ ಬನಿಯನ್ ಮೇಲೊಂದು ಅಂಗಿ ತೊಟ್ಟುಕೊಂಡು ಹೊರಗೆ ಬಂದು, ರಸ್ತೆ ಹೇಗಿತ್ತು, ಮಳೆ ಹೇಗಿದೆ ಎಂದು ಕೇಳುತ್ತಿದ್ದರು. ಮೊದಲ ಹೋಳಿಗೆ ಅಳಿಯನ ಎಲೆಗೇ ಬೀಳಬೇಕು. ಅಲ್ಲಿಗೆ ಮಾತೂ ಮರ್ಯಾದೆಯೂ ಮುಗಿಯುತ್ತಿದ್ದವು. ಅವರಾಗಿ ಎಂದೂ ನನಗೆ ಫೋನ್ ಮಾಡಿದವರಲ್ಲ.

ಆದ್ದರಿಂದ ಜೂನ್ ತಿಂಗಳ ಒಂದು ಮಧ್ಯಾಹ್ನ ಮಾಚೇನಹಳ್ಳಿಯ ನಮ್ಮ ಫೌಂಡ್ರಿಯ ಗೇಟಿನಿಂದ ಸೆಕ್ಯುರಿಟಿಯವನು ನಿಮ್ಮ ಮಾವನವರು ಬಂದಿದ್ದಾರೆ ಎಂದಾಗ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದೆ. ಅತ್ತೆಗೆ ಏನೋ ಆಗಿದೆ ಎಂದುಕೊಂಡೇ ಓಡಿದೆ. ಮಾವ ಗೇಟಿನ ಶೆಡ್ಡಿನಡಿ, ಕಂಕುಳಲ್ಲಿ ಪ್ಲಾಸ್ಟಿಕ್ ಕವರ್ ಇಟ್ಟುಕೊಂಡು ನಿಂತಿದ್ದರು. ಕಾಲುಗಳು ಮಂಡಿಯವರೆಗೆ ನೆನೆದಿದ್ದವು. ಕ್ಯಾಂಟೀನಿನಲ್ಲಿ ಟೀ ತರಿಸಿಕೊಟ್ಟೆ. ಅವರು ಟೀ ಮುಟ್ಟದೆ ಕವರನ್ನು ನನ್ನ ಕಡೆ ತಳ್ಳಿದರು.

ಒಳಗಿದ್ದದ್ದು ಒಂದು ರಕ್ತಪರೀಕ್ಷೆಯ ಫಲಿತಾಂಶ. ಭದ್ರಾವತಿಯ ಡಾಕ್ಟರೊಬ್ಬರು, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳಬೇಕಾಗುತ್ತದೆ ಎಂದಿದ್ದಕ್ಕೆ, ಪಿಎಸ್‌ಎ ಎಂಬ ಪರೀಕ್ಷೆ ಮಾಡಿಸಿದ್ದರು. ಗಂಡಸರ ಪ್ರಾಸ್ಟೇಟ್ ಗ್ರಂಥಿಯಲ್ಲಿ ತೊಂದರೆಯಿದ್ದರೆ ಅದು ಏರುತ್ತದೆ. ಇವರದು ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು. ಶಿವಮೊಗ್ಗಕ್ಕೆ ಹೋಗಿ ಎಂಆರ್‌ಐ ಮಾಡಿಸಿ ಎಂದು ಚೀಟಿ ಬರೆದುಕೊಟ್ಟಿದ್ದರು.

ಮಗಳನ್ನು ಬಿಟ್ಟು ನನ್ನ ಬಳಿ ಯಾಕೆ ಬಂದರೆಂಬುದಕ್ಕೆ ಅವರು ಎರಡು ಕಾರಣ ಕೊಟ್ಟರು. ಒಂದು, ಇದು ಹೆಂಗಸರ ಹತ್ತಿರ ಹೇಳುವ ಜಾಗದ ಕಾಯಿಲೆಯಲ್ಲ. ಇನ್ನೊಂದು, ನಾನು ಎಕ್ಸ್‌ರೇ ನೋಡುವವನು. ನನ್ನ ಕೆಲಸ ಎರಕದ ಬಿಡಿಭಾಗಗಳಿಗೆ ಎಕ್ಸ್‌ರೇ ಹಿಡಿದು ಒಳಗೆ ಗಾಳಿಗುಳ್ಳೆಯೋ ಬಿರುಕೋ ಇದೆಯೇ ಎಂದು ಪರೀಕ್ಷಿಸುವುದು. ಕಬ್ಬಿಣಕ್ಕೂ ಮೈಗೂ ಸಂಬಂಧವಿಲ್ಲ ಎಂದು ಹೇಳಬಹುದಿತ್ತು, ಹೇಳಲಿಲ್ಲ.

"ಗಿರಿಜಂಗೂ ಹೇಳ್ಬೇಡಿ, ಲತಂಗೂ ಹೇಳ್ಬೇಡಿ. ನಮ್ಮಿಬ್ರಲ್ಲೇ ಇರ್ಲಿ ಅಳಿಯಂದ್ರೇ," ಎಂದರು. ನಾನು ಆಯಿತು ಎಂದೆ. ಆಮೇಲೆ ಅವರು ಆರಿದ ಟೀ ಕುಡಿದರು.

ಹಾಗೆ ಶುರುವಾಯಿತು. ಎರಡು ಮೂರು ವಾರಗಳಲ್ಲಿ ಎಂಆರ್‌ಐ ಆಯಿತು, ಬಯಾಪ್ಸಿ ಆಯಿತು. ಪ್ರತಿ ಸಲವೂ ಮನೆಯಲ್ಲಿ ಒಂದೊಂದು ಸುಳ್ಳು. ಪಿಂಚಣಿ ಕೆಲಸ, ಹಳೆಯ ಸಹೋದ್ಯೋಗಿಯ ಮಗನ ನಿಶ್ಚಿತಾರ್ಥ, ಕನ್ನಡಕ. ಸುಳ್ಳು ಹೇಳುವುದರಲ್ಲಿ ಮಾವ ನನಗಿಂತ ಕಚ್ಚಾ. ನಾನು ಹೇಳಿಕೊಟ್ಟದ್ದನ್ನು ಅವರು ಅತ್ತೆಯ ಮುಂದೆ ಪಾಠ ಒಪ್ಪಿಸುವಂತೆ ಹೇಳುತ್ತಿದ್ದರು. ಅತ್ತೆ ಏನೂ ಕೇಳುತ್ತಿರಲಿಲ್ಲ. ಡಬ್ಬಿಗೆ ಚಪಾತಿ ಹಾಕಿಕೊಡುತ್ತಿದ್ದರು.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂತು. ಯುರಾಲಜಿ ಡಾಕ್ಟರು ನಲವತ್ತೈದರ ಆಸುಪಾಸಿನ ಮನುಷ್ಯ, ಮೆದುವಾಗಿ ಮಾತಾಡುವವರು. ಒಂದು ಹಾಳೆಯ ಮೇಲೆ ಗ್ರಂಥಿಯ ಚಿತ್ರ ಬರೆದು, ಅದರ ಸುತ್ತ ಪೊರೆಯ ಗೆರೆ ಎಳೆದು ವಿವರಿಸಿದರು. ಕಾಯಿಲೆ ಇದೆ ಎಂಬುದು ಗೊತ್ತಾಯಿತು, ಆದರೆ ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯದೆ ಚಿಕಿತ್ಸೆ ನಿರ್ಧರಿಸಲಾಗದು. ಪೊರೆಯ ಒಳಗೇ ಇದ್ದರೆ ಗ್ರಂಥಿಯನ್ನು ಪೂರ್ತಿ ತೆಗೆದು ಹಾಕಬಹುದು. ಎಂಆರ್‌ಐ ಪ್ರಕಾರ ಒಳಗೇ ಇದೆ. ಆದರೆ ಈ ಕಾಯಿಲೆಗೆ ಮೂಳೆಗೆ ಹೋಗುವ ಚಾಳಿ. ಮೂಳೆಗೆ ಹೋಗಿದ್ದರೆ ಗ್ರಂಥಿಯನ್ನು ತೆಗೆದು ಏನೂ ಪ್ರಯೋಜನವಿಲ್ಲ, ಆಗ ಇಂಜೆಕ್ಷನ್ನು, ಮಾತ್ರೆ, ಕಾಯಿಲೆಯನ್ನು ಅದುಮಿಟ್ಟುಕೊಂಡು ಇರುವ ದಾರಿ. ಅದಕ್ಕೇ ಇಡೀ ಮೈಯ ಪೆಟ್ ಸ್ಕ್ಯಾನ್ ಆಗಬೇಕು, ಬೆಂಗಳೂರಿಗೆ ಹೋಗಿ ಬನ್ನಿ ಎಂದರು.

ಮುಂಜಾನೆಯ ರೈಲಿಗೆ ಹೋದೆವು. ಅಲ್ಲಿ ಮಾವನಿಗೆ ಔಷಧದ ಸೂಜಿ ಚುಚ್ಚಿ ಒಂದು ಕೋಣೆಯಲ್ಲಿ ಒಬ್ಬರನ್ನೇ ಕೂರಿಸಿದರು. ಕಾಯಿಲೆ ಎಲ್ಲೆಲ್ಲಿದೆಯೋ ಅಲ್ಲಿಗೆ ಆ ಔಷಧ ಹೋಗಿ ಅಂಟಿಕೊಂಡು ಸ್ಕ್ಯಾನಿನಲ್ಲಿ ಬೆಳಗುತ್ತದಂತೆ. ಔಷಧದಲ್ಲಿ ವಿಕಿರಣವಿದೆ, ಆ ದಿನ ಮಕ್ಕಳನ್ನು ಎತ್ತಿಕೊಳ್ಳಬೇಡಿ ಎಂದು ನರ್ಸ್ ಹೇಳಿದ್ದರು. ವಾಪಸು ಬರುವ ರೈಲಿನಲ್ಲಿ ಎದುರು ಸೀಟಿನ ಕೂಸೊಂದು ಅವರ ಕೈಬೆರಳು ಹಿಡಿಯಲು ಬಂದರೆ ಮಾವ ಎದ್ದು ಬಾಗಿಲ ಹತ್ತಿರ ಹೋದವರು, ಬೀರೂರು ದಾಟುವವರೆಗೂ ಅಲ್ಲೇ ನಿಂತಿದ್ದರು.

ಸ್ಕ್ಯಾನಿನಲ್ಲಿ ಪ್ರಾಸ್ಟೇಟ್ ಗ್ರಂಥಿ ಬೆಳಗುತ್ತಿತ್ತು, ಅದು ನಿರೀಕ್ಷಿಸಿದ್ದೇ. ಇನ್ನೊಂದು ಚುಕ್ಕೆ ಎಡಪಕ್ಕೆಯ ಎಲುಬಿನಲ್ಲಿ, ಮಂಕಾಗಿ.

ಡಾಕ್ಟರು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಪಕ್ಕೆಲುಬಿನ ಒಂಟಿ ಚುಕ್ಕೆ ಯಾವಾಗಲೂ ಕಾಯಿಲೆಯದೇ ಆಗಿರಬೇಕಿಲ್ಲ, ಹಳೆಯ ಪೆಟ್ಟೂ ಹೀಗೇ ಕಾಣಬಹುದು ಎಂದರು. "ಎಡಗಡೆ ಪಕ್ಕೆಗೆ ಯಾವತ್ತಾದ್ರೂ ಪೆಟ್ಟು ಬಿದ್ದಿತ್ತಾ? ಈಚೆಗೆ ಒಂದೆರಡು ವರ್ಷದಲ್ಲಿ?"

"ಇಲ್ಲ ಸರ್," ಎಂದರು ಮಾವ. "ನಾನು ಫ್ಯಾಕ್ಟ್ರಿಲೇ ಬಿದ್ದೋನಲ್ಲ."

ಅದರಲ್ಲೊಂದು ಹೆಮ್ಮೆಯಿತ್ತು. ಡಾಕ್ಟರು ಇನ್ನೊಮ್ಮೆ ಕೇಳಿದರು, ಅದೇ ಉತ್ತರ ಬಂತು. ಹಾಗಾದರೆ ಇದನ್ನು ಕಡೆಗಣಿಸುವ ಹಾಗಿಲ್ಲ ಎಂದರು ಅವರು. ಪಕ್ಕೆಲುಬಿಗೆ ಸೂಜಿ ಹಾಕಿ ತುಣುಕು ತೆಗೆಯುವುದು ಸುಲಭವಲ್ಲ, ತೆಗೆದರೂ ಎಷ್ಟೋ ಸಲ ಏನೂ ಹೇಳಲಾಗುವುದಿಲ್ಲ. ಉಳಿದ ಡಾಕ್ಟರರ ಜೊತೆ ಚರ್ಚಿಸುತ್ತೇನೆ, ಮುಂದಿನ ವಾರ ಬನ್ನಿ, ಬಹುಶಃ ಆಪರೇಷನ್ ಬಿಟ್ಟು ಇಂಜೆಕ್ಷನ್ ಶುರು ಮಾಡಬೇಕಾಗುತ್ತದೆ ಎಂದರು.

ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ಮಾವ, ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗೋಣವೇ ಎಂದರು. ಇಷ್ಟು ಹತ್ತಿರವಿದ್ದೂ ಜೀವಮಾನದಲ್ಲಿ ಒಮ್ಮೆಯೂ ಹೋಗಿರಲಿಲ್ಲವಂತೆ. ಶಿಫ್ಟಿನ ಮನುಷ್ಯನಿಗೆ ಆನೆ ನೋಡಲು ಪುರುಸೊತ್ತೆಲ್ಲಿ. ನಾವು ತಲುಪುವ ಹೊತ್ತಿಗೆ ಆನೆಗಳ ಸ್ನಾನ ಮುಗಿದಿತ್ತು. ಪ್ರವಾಸಿಗಳೂ ಇರಲಿಲ್ಲ. ತುಂಗೆ ಕೆಂಪಗೆ ತುಂಬಿ ನಿಂತಿತ್ತು. ಸೋನೆಮಳೆಯಲ್ಲಿ ಎರಡು ಆನೆ ಹುಲ್ಲು ಮೆಲ್ಲುತ್ತ ನಿಂತಿದ್ದವು. ನಾವಿಬ್ಬರೂ ಒಂದೇ ಛತ್ರಿಯಡಿ ಅವನ್ನು ನೋಡುತ್ತ ನಿಂತೆವು.

"ಆಪರೇಷನ್ ಇಲ್ಲ ಅಂದ್ರೆ ಒಳ್ಳೇದೇ ಆಯ್ತಲ್ವಾ ಅಳಿಯಂದ್ರೇ," ಎಂದರು ಮಾವ. "ಮಾತ್ರೆ, ಇಂಜೆಕ್ಷನ್ನು. ಬಿಪಿ ಮಾತ್ರೆ ಜೊತೆ ಇದನ್ನೂ ನುಂಗಿದ್ರೆ ಗಿರಿಜಂಗೆ ಗೊತ್ತೇ ಆಗಲ್ಲ."

"ಎಷ್ಟು ದಿನ ಮುಚ್ಚಿಡ್ತೀರಿ ಮಾವ?"

"ಇರೋವಷ್ಟು ದಿನ."

ಆಮೇಲೆ ನಿಧಾನವಾಗಿ, ನನ್ನ ಮುಖ ನೋಡದೆ, ಒಂದಿಷ್ಟು ಹೇಳಿದರು. ಆಪರೇಷನ್ ಆದ ಮೇಲೆ ಮೂತ್ರದ ಹಿಡಿತ ಇರುವುದಿಲ್ಲ, ಗಂಡಸುತನವೂ ಹೋಗಬಹುದು ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ಆ ವಯಸ್ಸಿನಲ್ಲಿ ಎರಡನೆಯದು ತನಗೆ ದೊಡ್ಡದಲ್ಲ, ಆದರೆ ಒದ್ದೆ ಪಂಚೆಯಲ್ಲಿ ಹೆಂಡತಿಯ ಮುಂದೆ ನಿಲ್ಲುವುದು ತನ್ನಿಂದ ಆಗದು ಎಂದರು. ಮದುವೆಯಾದಾಗಿನಿಂದ ಹೋದ ವರ್ಷದ ಒಂದು ಜ್ವರ ಬಿಟ್ಟರೆ ಆಕೆ ತನ್ನನ್ನು ಹಾಸಿಗೆ ಹಿಡಿದವನಾಗಿ ಕಂಡಿಲ್ಲ. ಆಕೆಗೆ ಕಾಯಿಲೆ ಬಂದಾಗ ತಾನು ನೋಡಿಕೊಂಡಿದ್ದೇನೆ, ಆದರೆ ತನ್ನನ್ನು ಯಾರಾದರೂ ನೋಡಿಕೊಳ್ಳುವುದು ತನಗೆ ಬರುವುದಿಲ್ಲ. ಯಾರದೋ ವಿಷಯ ಹೇಳುತ್ತಿದ್ದಾರೇನೋ ಎಂಬಂತಿತ್ತು.

ಅವರಿಗೆ ಆ ಚುಕ್ಕೆಯಿಂದ ಭಯವಾಗಿಲ್ಲ, ಸಮಾಧಾನವಾಗಿದೆ ಎಂಬುದು ನನಗೆ ಅಲ್ಲಿ ಹೊಳೆಯಿತು. ಅವರನ್ನು ಭದ್ರಾವತಿಗೆ ಬಿಟ್ಟು ಬರುವಾಗ ಕೊಟ್ಟ ಮಾತು ಮುರಿಯುವುದೆಂದು ತೀರ್ಮಾನಿಸಿದೆ. ಅದರ ಬಗ್ಗೆ ಆಗಲೂ ಅಳುಕಿರಲಿಲ್ಲ, ಈಗಲೂ ಇಲ್ಲ.

ಮಾರನೆಯ ಸಂಜೆ ಅವರು ವಾಕಿಂಗಿಗೆ ಹೋಗುವ ಹೊತ್ತು ನೋಡಿಕೊಂಡು ಹೋದೆ. ಅತ್ತೆ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಈಳಿಗೆಮಣೆಯಲ್ಲಿ ಕಳಲೆ ಹೆಚ್ಚುತ್ತಿದ್ದರು. ನಾನು ಬಾಗಿಲಿಗೊರಗಿ ನಿಂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವರು ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಕ್ಯಾನ್ಸರ್ ಎಂಬ ಮಾತು ಬಂದಾಗ ಕೈ ಸ್ವಲ್ಪ ನಿಧಾನವಾಯಿತು, ಅಷ್ಟೇ. ಏನೋ ಇದೆ ಅಂತ ಗೊತ್ತಿತ್ತು, ಇಷ್ಟು ಅಂತ ಗೊತ್ತಿರಲಿಲ್ಲ ಎಂದರು. ಮೂಳೆಯ ಚುಕ್ಕೆಯ ವಿಷಯಕ್ಕೆ ಬಂದಾಗ ತಲೆಯೆತ್ತಿದರು.

"ಯಾವ ಕಡೆ ಪಕ್ಕೆ?"

"ಎಡಗಡೆ."

ಅವರು ಈಳಿಗೆಮಣೆಯನ್ನು ಪಕ್ಕಕ್ಕೆ ಸರಿಸಿ ಸೆರಗಿಗೆ ಕೈ ಒರೆಸಿಕೊಂಡರು. "ಬಿದ್ದಿದ್ರು," ಎಂದರು. "ಹೋದ ವರ್ಷ, ದೀಪಾವಳಿಗೆ ಮುಂಚೆ ಜ್ವರ ಬಂದಿತ್ತಲ್ಲ, ಆವಾಗ. ಮಧ್ಯಾಹ್ನ ಬಚ್ಚಲಿಗೆ ಹೋದೋರು ತಲೆ ತಿರುಗಿ ಒಲೆ ಕಟ್ಟೆ ಮೇಲೆ ಬಿದ್ರು. ಕಟ್ಟೆ ಅಂಚು ಪಕ್ಕೆಗೆ ಬಡಿದಿದ್ದು ನಂಗೆ ಇಲ್ಲಿಗೆ ಕೇಳ್ತು. ಒಬ್ಳೇ ಎತ್ಕೊಂಡು ಬಂದು ಮಲಗಿಸ್ದೆ. ಜ್ವರ ಇಳಿದ ಮೇಲೆ ಅವ್ರಿಗೆ ಒಂಚೂರೂ ನೆನಪಿರ್ಲಿಲ್ಲ."

ಪಕ್ಕೆ ನೋವು ಎಂದಾಗ ಜ್ವರದ ನೋವು ಎಂದು ಹೇಳಿ ಉಪ್ಪಿನ ಶಾಖ ಕೊಟ್ಟಿದ್ದರು. ನೋವು ಹೋಗಲು ತಿಂಗಳೇ ಹಿಡಿದಿತ್ತು. ಗಂಡನಿಗೆ ಹೇಳಿದರೆ ಅವರು ಮಗಳಿಗೆ ಹೇಳುತ್ತಾರೆ, ಮಗಳಿಗೆ ಗೊತ್ತಾದರೆ ಮನೆಗೆ ಬೀಗ ಹಾಕಿಸಿ ಇಬ್ಬರನ್ನೂ ಶಿವಮೊಗ್ಗಕ್ಕೆ ಕರೆದೊಯ್ಯುತ್ತಾಳೆ ಎಂಬ ಹೆದರಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಗೊತ್ತಾಗಿದ್ದರೆ ಲತಾ ಹಾಗೆಯೇ ಮಾಡುತ್ತಿದ್ದಳು ಎಂಬುದೂ ನಿಜವೇ.

ಅವತ್ತು ಮನೆಗೆ ಬಂದು ಲತಾಳಿಗೂ ಹೇಳಿದೆ. ಅವಳು ಅತ್ತಳು, ನನ್ನ ಮೇಲೆ ರೇಗಿದಳು, ಆಮೇಲೆ ನನ್ನ ಮಾತಿಗೆ ಒಪ್ಪಿ, ಅಪ್ಪನಿಗೆ ಸುಲಭವಾಗಲೆಂದು ತಾನು ಮಾತ್ರ ಇನ್ನೂ ಕೆಲವು ದಿನ ಗೊತ್ತಿಲ್ಲದವಳಂತೆ ಇರುವೆನೆಂದಳು.

ಡಾಕ್ಟರಿಗೆ ಫೋನ್ ಮಾಡಿ, ಮುಂದಿನ ವಾರದ ಬದಲು ಎರಡೇ ದಿನ ಬಿಟ್ಟು ಕಾರು ತೆಗೆದುಕೊಂಡು ಹೋದೆ. ಮಾವ ಅಂಗಿ ತೊಟ್ಟು ಹೊರಗೆ ಬಂದಾಗ ಅತ್ತೆ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದರು.

"ಇವಳ್ಯಾಕೆ?"

"ಅತ್ತೆಗೆ ಎಲ್ಲ ಹೇಳಿದೀನಿ ಮಾವ," ಎಂದೆ.

ಅವರು ಛತ್ರಿ ಹಿಡಿದು ಗೇಟಿನ ಬಳಿ ನಿಂತೇ ಇದ್ದರು. ಕೋಪ ಮಾಡಿಕೊಂಡು ಒಳಗೆ ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ. ಛತ್ರಿ ಮಡಿಸಿ ಮುಂದಿನ ಸೀಟಿನಲ್ಲಿ ಕೂತರು.

ಡಾಕ್ಟರ ಕೋಣೆಯಲ್ಲಿ ಅತ್ತೆ ಬಚ್ಚಲಿನ ಕಥೆಯನ್ನು ನನಗೆ ಹೇಳಿದಂತೆಯೇ ಹೇಳಿದರು. ಮಾವ ಕುರ್ಚಿಯಲ್ಲಿ ತಿರುಗಿ ಹೆಂಡತಿಯನ್ನು ನೋಡಿದರು.

"ನಂಗ್ಯಾಕೆ ಹೇಳ್ಲಿಲ್ಲ ನೀನು?"

"ನೀವು ಹೇಳಿದ್ರಾ?"

ಡಾಕ್ಟರು ಕೆಳಗೆ ನೋಡುತ್ತ ಏನೋ ಬರೆಯತೊಡಗಿದರು. ಆಮೇಲೆ, ಆ ಪಕ್ಕೆಯ ಭಾಗಕ್ಕಷ್ಟೇ ತೆಳು ತೆಳು ಪದರಗಳ ಸಿಟಿ ಸ್ಕ್ಯಾನ್ ಈಗಲೇ ಮಾಡಿಸಿ ಎಂದು ಕಳಿಸಿದರು. ಸ್ಕ್ಯಾನ್ ಸೆಂಟರಿನ ಆ ಮೂಲೆಯಲ್ಲಿ ಅವತ್ತು ಇಬ್ಬರೂ ಅಕ್ಕಪಕ್ಕ ಕೂತಿದ್ದರು. ಅಲ್ಲಿನ ರೇಡಿಯಾಲಜಿಸ್ಟ್ ನನ್ನನ್ನು ಒಳಗೆ ಕರೆದು ಪರದೆಯ ಮೇಲೆ ತೋರಿಸಿದರು. ಎಲುಬು ಮುರಿದಿದ್ದ ಗೆರೆ, ಅದರ ಸುತ್ತ ಹೊಸ ಮೂಳೆ ಕಟ್ಟಿಕೊಂಡ ಗಂಟು. ಅದಕ್ಕಿಂತ ಮುಖ್ಯವಾಗಿ, ಅದರ ಕೆಳಗಿನ ಎಲುಬಿನಲ್ಲೂ ಅದೇ ನೇರಕ್ಕೆ ಒಂದು ಸಣ್ಣ ಬಿರುಕಿನ ಗುರುತಿತ್ತು. ಕಾಯಿಲೆ ಹೀಗೆ ಸಾಲು ಹಿಡಿದು ಕೂರುವುದಿಲ್ಲ, ಪೆಟ್ಟು ಬಿದ್ದರೆ ಮಾತ್ರ ಹೀಗಾಗುತ್ತದೆ ಎಂದರು. ಬೆಂಗಳೂರಿನ ಸ್ಕ್ಯಾನಿನಲ್ಲಿ ಅದು ಇತ್ತೋ ಇಲ್ಲವೋ ಎನ್ನುವಷ್ಟು ಮಂಕಾಗಿತ್ತು, ಎಲ್ಲಿ ಹುಡುಕಬೇಕೆಂದು ತಿಳಿದ ಮೇಲೆ ಸ್ಪಷ್ಟವಾಯಿತು.

ಆಪರೇಷನ್ ಗಣೇಶನ ಹಬ್ಬ ಕಳೆದ ಮೇಲೆ ಎಂದು ನಿಗದಿಯಾಯಿತು. ಆಪರೇಷನ್ನಿನ ದಿನ ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ಹೊಟ್ಟೆಯಲ್ಲಿ ಸಣ್ಣ ತೂತುಗಳನ್ನು ಮಾಡಿ, ಗ್ರಂಥಿಯನ್ನೂ, ಕಾಯಿಲೆ ಮೊದಲು ಹರಡುವ ಅಕ್ಕಪಕ್ಕದ ಕೆಲವು ದುಗ್ಧಗ್ರಂಥಿಗಳನ್ನೂ ತೆಗೆದರು. ಬೆಳಿಗ್ಗೆ ಒಳಗೆ ಹೋದವರು ಹೊರಬರುವಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಗೊತ್ತಿಲ್ಲದವಳಂತಿರುವುದನ್ನು ಅಷ್ಟರಲ್ಲಿ ಬಿಟ್ಟಿದ್ದ ಲತಾ ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಳು. ಅತ್ತೆ ಕದಲದೆ ಕೂತಿದ್ದರು. ನಡುವೆ ಒಮ್ಮೆ ನನ್ನನ್ನು ಕರೆದು, ತೆಗೆದದ್ದನ್ನು ಏನು ಮಾಡುತ್ತಾರೆ ಎಂದು ಕೇಳಿದರು. ಲ್ಯಾಬಿಗೆ ಕಳಿಸಿ, ತೆಳ್ಳಗೆ ಕೊಯ್ದು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ ಎಂದೆ. ಇಷ್ಟೊಂದು ಸ್ಕ್ಯಾನ್ ಆದ ಮೇಲೂ ನೋಡುವುದಕ್ಕೆ ಉಳಿದಿದೆಯೇ ಎಂದರು. ನಮ್ಮ ಫೌಂಡ್ರಿಯಲ್ಲೂ ಎಕ್ಸ್‌ರೇ ಚೆನ್ನಾಗಿ ಬಂದ ತುಂಡುಗಳಲ್ಲಿ ಒಂದನ್ನು ಆಗಾಗ ಕೊಯ್ದು ನೋಡುತ್ತೇವೆ ಎಂದಷ್ಟೇ ಹೇಳಿದೆ.

ಲ್ಯಾಬಿನ ಫಲಿತಾಂಶ ಬಂದ ದಿನ ನಾವು ಮೂವರೂ ಡಾಕ್ಟರ ಎದುರಿದ್ದೆವು. ಮಾವ ಆಗಿನ್ನೂ ಮೂತ್ರದ ನಳಿಕೆ, ಚೀಲದೊಂದಿಗೇ ಇದ್ದರು. ಪಂಚೆಯ ಮಡಿಕೆಯಲ್ಲಿ ಚೀಲವನ್ನು ಮರೆಮಾಡಿಕೊಂಡಿದ್ದರು. ದುಗ್ಧಗ್ರಂಥಿಗಳಲ್ಲಿ ಏನೂ ಇರಲಿಲ್ಲ. ಕೊಯ್ದ ಅಂಚುಗಳಲ್ಲೂ ಏನೂ ಉಳಿದಿರಲಿಲ್ಲ. ಆದರೆ ಒಂದು ಕಡೆ ಕಾಯಿಲೆ ಕೂದಲೆಳೆಯಷ್ಟು ಪೊರೆ ದಾಟಿತ್ತು. ಎಂಆರ್‌ಐ ಒಳಗಿದೆ ಎಂದಿತ್ತಲ್ಲ ಎಂದು ನಾನು ಕೇಳಿದೆ. ಅದಕ್ಕೆ ಕಾಣುವಷ್ಟು ದೊಡ್ಡದಾಗಿರಲಿಲ್ಲ, ಇಂಥದ್ದನ್ನು ಸೂಕ್ಷ್ಮದರ್ಶಕವೇ ಹೇಳಬೇಕು ಎಂದರು ಡಾಕ್ಟರು. ಎರಡನೇ ಹಂತ ಎಂದುಕೊಂಡಿದ್ದು ಮೂರನೆಯದಾಯಿತು. ಇಲ್ಲವೆಂದ ಕಡೆ ಸ್ವಲ್ಪ ಇತ್ತು, ಇದೆಯೆಂದುಕೊಂಡ ಕಡೆ ಇರಲಿಲ್ಲ. ಇನ್ನು ಮುಂದೆ ಮೂರು ಮೂರು ತಿಂಗಳಿಗೆ ರಕ್ತಪರೀಕ್ಷೆ. ಪಿಎಸ್‌ಎ ಮತ್ತೆ ಏಳತೊಡಗಿದರೆ ರೇಡಿಯೇಷನ್ ಕೊಡಬೇಕಾಗುತ್ತದೆ.

"ಅಂದ್ರೆ ಇನ್ನೂ ಮುಗೀಲಿಲ್ಲ," ಎಂದರು ಮಾವ.

ಅತ್ತೆಗೆ ಹಂತಗಳ ಲೆಕ್ಕ ಬೇಕಿರಲಿಲ್ಲ. "ಆಪರೇಷನ್ ಮಾಡಿದ್ದು ಒಳ್ಳೇದಾಯ್ತಾ ಇಲ್ವಾ, ಅದನ್ನ ಹೇಳಿ ಡಾಕ್ಟ್ರೇ."

"ಒಳ್ಳೇದಾಯ್ತು ತಾಯಿ. ಒಳಗೇ ಬಿಟ್ಟಿದ್ರೆ ಇಷ್ಟೊತ್ತಿಗೆ ಇನ್ನೂ ದಾರಿ ಹುಡುಕ್ತಿತ್ತು."

ನಳಿಕೆ ತೆಗೆದ ಮೇಲೆ, ಮಾವ ಹೆದರಿದ್ದದ್ದೇ ಆಯಿತು. ಕೆಮ್ಮಿದರೆ, ಎದ್ದರೆ, ನಕ್ಕರೆ ಸೋರುತ್ತಿತ್ತು. ಅವರು ನಡುಮನೆಯ ಕಿಟಕಿಯ ಬಳಿಯ ಕುರ್ಚಿ ಬಿಟ್ಟು ಹೊರಗೆ ಬರುವುದನ್ನು ನಿಲ್ಲಿಸಿದರು. ಡೈಪರ್‌ಗಳನ್ನು ನಾನು ಶಿವಮೊಗ್ಗದಿಂದ ಕಪ್ಪು ಕವರಿನಲ್ಲಿ ಒಯ್ದು ಕೊಡುತ್ತಿದ್ದೆ. ಒಮ್ಮೆ ನಾನು ಬರುವುದು ತಡವಾದಾಗ ಅತ್ತೆಯೇ ಬೀದಿ ಕೊನೆಯ ಮೆಡಿಕಲ್ ಶಾಪಿಗೆ ಹೋಗಿ, ಕ್ವಾರ್ಟರ್ಸ್ ಕಾಲದಿಂದ ಪರಿಚಯವಿದ್ದವರೆಲ್ಲ ನಿಂತಿದ್ದ ಕಡೆ, ನಮ್ಮನೆಯವರಿಗೆ ಬೇಕು, ದೊಡ್ಡ ಸೈಜಿಂದು ಕೊಡಿ ಎಂದು ಕೇಳಿ ತಂದರಂತೆ. ಮಾವ ಎರಡು ದಿನ ಅವರೊಡನೆ ಮಾತು ಬಿಟ್ಟರು. ಮೂರನೆಯ ದಿನ ಅವರ ಹಳೆಯ ಶಿಫ್ಟಿನ ಗೆಳೆಯ, ಭದ್ರಾವತಿಯಲ್ಲೇ ಹುಟ್ಟಿ ಬೆಳೆದ ತಮಿಳರು, ಮೆಡಿಕಲ್ ಶಾಪಿನ ಸುದ್ದಿ ಕೇಳಿ ಮನೆಗೆ ಬಂದು, ತನಗೂ ಎರಡು ವರ್ಷದ ಹಿಂದೆ ಇದೇ ಆಪರೇಷನ್ ಆಯಿತು, ಯಾರಿಗೂ ಹೇಳಿರಲಿಲ್ಲ ಎಂದರು. ಇಬ್ಬರೂ ಕತ್ತಲಾಗುವವರೆಗೆ ಮಾತಾಡಿದರಂತೆ.

ಮೂತ್ರ ತಡೆಯುವ ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಟ್ಟಿದ್ದರು, ಬಿಗಿಹಿಡಿದು ಬಿಡುವುದು. ಒಂದು ಬೆಳಿಗ್ಗೆ ನಾನು ಹೋದಾಗ ಮಾವ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಒಳಗೆ ಒಗ್ಗರಣೆ ಹಾಕುತ್ತ ಅತ್ತೆ, ಹಿಡೀರಿ, ಹಿಡೀರಿ, ಈಗ ಬಿಡಿ ಎನ್ನುತ್ತಿದ್ದರು. ನನ್ನನ್ನು ಕಂಡರೂ ಮಾವ ಎದ್ದು ಅಂಗಿ ಹಾಕಿಕೊಳ್ಳಲಿಲ್ಲ. ಬನಿಯನ್ನಿನಲ್ಲೇ ಕೂತು, ಬನ್ನಿ, ಇನ್ನೊಂದು ಹತ್ತು ಸಲ ಇದೆ ಎಂದರು.

ಮೂರು ತಿಂಗಳ ರಕ್ತಪರೀಕ್ಷೆಯ ಹೊತ್ತಿಗೆ ಚಳಿ ಬಿದ್ದಿತ್ತು. ಅದಕ್ಕೆಂದು ನಾನು ಮೊದಲೇ ರಜೆ ಹಾಕಿದ್ದೆ. ಬೆಳಿಗ್ಗೆ ಬೇಗನೆ ಹೊರಟು ಭದ್ರಾವತಿ ತಲುಪಿದರೆ ಮನೆಗೆ ಬೀಗ. ಫೋನ್ ಮಾಡಿದೆ. ಮಾವನೇ ಎತ್ತಿದರು. ಹಿಂದೆ ಬಸ್ಸಿನ ಗದ್ದಲ.

"ನಾವು ಆಗ್ಲೇ ಶಿವಮೊಗ್ಗಕ್ಕೆ ಬಂದು ರಕ್ತ ಕೊಟ್ಟಾಯ್ತು ಅಳಿಯಂದ್ರೇ. ಫಸ್ಟ್ ಬಸ್ಸಿಗೆ ಬಂದ್ವಿ. ನೀವು ಎಷ್ಟು ಸಲ ರಜಾ ಹಾಕ್ತೀರಿ? ಗಿರಿಜಾ ಇದಾಳಲ್ಲ." ಅಷ್ಟರಲ್ಲಿ ಅತ್ತೆ ಫೋನ್ ಕಿತ್ತುಕೊಂಡು, ರಿಸಲ್ಟ್ ಸಂಜೆ ಬರುತ್ತದೆ, ಅಲ್ಲಿವರೆಗೆ ಪೇಟೆ ಸುತ್ತಿ ಹೋಟೆಲಿನಲ್ಲಿ ಊಟ ಮಾಡಿ ಡಾಕ್ಟರನ್ನೂ ನೋಡಿಯೇ ಬರುತ್ತೇವೆ, ಕಾಯಬೇಡಿ ಎಂದರು.

ಸಂಜೆ ಬಂದ ಸಂಖ್ಯೆ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಈಗಲೂ ಹಾಗೇ ಇದೆ. ಮುಂದೆ ಏಳುವುದಿಲ್ಲ ಎಂದು ಡಾಕ್ಟರು ಒಮ್ಮೆಯೂ ಹೇಳಿಲ್ಲ, ಇವರೂ ಕೇಳಿಲ್ಲ. ಪರೀಕ್ಷೆಗೆ ಇಬ್ಬರೇ ಹೋಗುತ್ತಾರೆ, ಬಂದ ಮೇಲೆ ನನಗೆ ಫೋನ್ ಮಾಡಿ ತಿಳಿಸುತ್ತಾರೆ.

ಆ ಬೆಳಿಗ್ಗೆ ಫೋನಿಟ್ಟ ಮೇಲೆ ನಾನು ಬೀಗ ಹಾಕಿದ ಆ ಮನೆಯ ಜಗಲಿಯ ಮೇಲೆ ಕೂತೆ. ಇಡೀ ದಿನ ಬಿಡುವಿತ್ತು. ಎದುರು ಮನೆಯವರು ಹೊರಗೆ ಬಂದು, ಯಾರನ್ನು ಕಾಯುತ್ತಿದ್ದೀರಿ ಎಂದು ಕೇಳಿದರು. ಯಾರನ್ನೂ ಇಲ್ಲ ಎಂದೆ. ಸ್ವಲ್ಪ ಹೊತ್ತು ಅಲ್ಲೇ ಬಿಸಿಲು ಕಾಯಿಸಿಕೊಂಡು, ರಜೆ ರದ್ದು ಮಾಡಿಸಿ ಕೆಲಸಕ್ಕೆ ಹೋದೆ.